ಲೂಯಿಸಿಯಾನದ ಸಿರಿಯದವರೂ ಹೋಮಾ ಜನರೂ

ಒಂದು ಜನಾಂಗವು ಬಡತನದಲ್ಲಿಯೂ ಅದರ ನೆರೆಯ ಇನ್ನೊಂದು ಜನಾಂಗವು ಸುಸ್ಥಿತಿಯಲ್ಲಿಯೂ ಇರುವುದನ್ನು ಕಂಡಾಗ, ಮೊದಲಿನವರು ಸೋಮಾರಿಗಳು, ಎರಡನೆಯವರು ಉದ್ಯೋಗಶೀಲರು ಎಂದು ಹೇಳಿಬಿಡುವುದು ಬಹು ಸುಲಭ. ನಮ್ಮ ಮೇಲಿನ ತರಗತಿಗಳ ಹುಡುಗಿಯರೂ ಭೂಗೋಳದ ಪ್ರಶ್ನೆಗಳಿಗೆ ಆಗಾಗ ಇದೇ ಉತ್ತರವನ್ನು ಬರೆಯುತ್ತಾರೆ. ಮನೆಯಲ್ಲಿ ದೊಡ್ಡವರ ಬಾಯಿಂದ ಕೇಳಿದ್ದನ್ನೇ ಅವರು ಬರೆಯುತ್ತಾರೆಂದು ನಾನು ಹೇಳಿದರೆ ಪೋಷಕರು ಕ್ಷಮಿಸಬೇಕು. ಈ ಉತ್ತರವು ಎಷ್ಟರಮಟ್ಟಿಗೆ ಸರಿಯೆಂಬುದನ್ನು ಪರೀಕ್ಷಿಸುವುದಕ್ಕೆ ಅಮೆರಿಕದ ಸಂಯುಕ್ತ ಸಂಸ್ಥಾನಗಳ ದಕ್ಷಿಣದಲ್ಲಿರುವ ಲೂಯಿಸಿಯಾನವೆಂಬ ರಾಜ್ಯಕ್ಕಿಂತ ಒಳ್ಳೆಯ ಸ್ಥಳವು ನನಗೆ ತಿಳಿದಿಲ್ಲ. ಅಲ್ಲಿ ಹೊರಗಿನಿಂದ ಬರಿಗೈಯಲ್ಲಿ ಬಂದ ಒಂದು ಜನವೂ, ಯಾರಿಗೂ ಮೊದಲೇ ಆ ನೆಲದಲ್ಲಿದ್ದ ಇನ್ನೊಂದು ಜನವೂ ಒಂದೇ ರಾಜ್ಯದ ಕಾನೂನಿನ ಕೆಳಗೆ ಬಾಳಿವೆ.

ಮೊದಲು ಹೆಸರುಗಳ ಗೊಂದಲವನ್ನು ಬಿಡಿಸಬೇಕು. ಸಿರಿಯನರು ಎಂದೊಡನೆ ನಮ್ಮ ಮನಸ್ಸು ಮಲಬಾರಿನ ಸಿರಿಯನ್ ಕ್ರೈಸ್ತರ ಕಡೆಗೆ ಹೋಗುತ್ತದೆ. ಇಲ್ಲಿ ಹೇಳುತ್ತಿರುವವರು ಅವರಲ್ಲ. ತುರ್ಕಿ ಸುಲ್ತಾನರ ಆಳ್ವಿಕೆಯಲ್ಲಿದ್ದ ಸಿರಿಯ ದೇಶದಿಂದ, ಅದರಲ್ಲೂ ವಿಶೇಷವಾಗಿ ಈಗ ಲೆಬನಾನ್ ಎನಿಸಿಕೊಳ್ಳುವ ಬೆಟ್ಟಸೀಮೆಯಿಂದ, 1880ರ ಸುಮಾರಿನಿಂದ 1914ರ ವರೆಗೆ ಅಮೆರಿಕಕ್ಕೆ ಹೋದವರು ಇವರು. ಇನ್ನು ಹೋಮಾ ಎಂಬುದಕ್ಕೂ ನಮ್ಮ ಹೋಮಕುಂಡಕ್ಕೂ ಯಾವ ಸಂಬಂಧವೂ ಇಲ್ಲ. ಆ ಮೂಲನಿವಾಸಿಗಳ ಭಾಷಾವರ್ಗದಲ್ಲಿ ಅದಕ್ಕೆ ಕೆಂಪು ಎಂದರ್ಥ. ಲೂಯಿಸಿಯಾನದ ರಾಜಧಾನಿಯಾದ ಬ್ಯಾಟನ್ ರೂಜ್ ಎಂಬ ಹೆಸರಿಗೂ ಫ್ರೆಂಚಿನಲ್ಲಿ ‘ಕೆಂಪು ಕೋಲು’ ಎಂದೇ ಅರ್ಥ; 1699ರಲ್ಲಿ ಫ್ರೆಂಚ್ ನಾವಿಕನಾದ ಇಬರ್ವಿಲ್ ಎಂಬವನು ಮಿಸಿಸಿಪ್ಪಿ ನದಿಯನ್ನು ಏರಿ ಹೋದಾಗ, ಹೋಮಾ ಜನರಿಗೂ ಅವರ ನೆರೆಯ ಬಯುಗೂಲರಿಗೂ ನಡುವೆ ಎಲ್ಲೆಯಾಗಿ ನೆಟ್ಟಿದ್ದ ಕೆಂಪು ಕಂಬವನ್ನು ಕಂಡನು. ಒಂದು ರಾಜಧಾನಿಯ ಹೆಸರೇ ಈ ಜನರ ಗಡಿಕಲ್ಲಿನಿಂದ ಬಂದಿರುವಾಗ, ಅದೇ ಜನರಿಗೆ ಮುಂದೆ ಆ ರಾಜ್ಯದಲ್ಲಿ ಒಂದು ಗೇಣು ನೆಲದ ಹಕ್ಕನ್ನು ಸ್ಥಾಪಿಸುವುದು ಕಷ್ಟವಾಯಿತು.

ಸಿರಿಯದವರು ತಮ್ಮ ಬೆಟ್ಟಗಳನ್ನು ಬಿಟ್ಟದ್ದೇಕೆ? ಮೈಸೂರು ಸೀಮೆಯಲ್ಲಿ ಹಿಪ್ಪುನೇರಳೆಯ ಸೊಪ್ಪು ಕೊಯ್ದು ಬಲ್ಲ ಮನೆತನದವರಿಗೆ ಇದು ಬೇಗನೆ ತಿಳಿದೀತು. ಲೆಬನಾನಿನ ಬೆಟ್ಟದ ರೈತರು ರೇಷ್ಮೆಯನ್ನು ನಂಬಿ ಬದುಕುತ್ತಿದ್ದರು. ಅವರ ನೂಲು ಫ್ರಾನ್ಸಿನ ಲಿಯೋನ್ ನಗರದ ಮಗ್ಗಗಳಿಗೆ ಹೋಗುತ್ತಿತ್ತು. 1869ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲೆ ಚೀನ ಜಪಾನುಗಳ ರೇಷ್ಮೆಯು ಕಡಿಮೆ ಬೆಲೆಗೆ ಯುರೋಪನ್ನು ಮುಟ್ಟತೊಡಗಿತು. ಜನಸಂಖ್ಯೆ ಬೆಳೆಯಿತು, ಭೂಮಿ ಬೆಳೆಯಲಿಲ್ಲ. 1909ರಲ್ಲಿ ತುರ್ಕಿ ಸರ್ಕಾರವು ಕ್ರೈಸ್ತ ಯುವಕರನ್ನೂ ಸೈನ್ಯಕ್ಕೆ ಕಡ್ಡಾಯವಾಗಿ ಸೇರಿಸುವ ಕಾನೂನು ಮಾಡಿದುದು ಇನ್ನೊಂದು ಕಾರಣ. ಹೋದವರಲ್ಲಿ ಬಹುಪಾಲು ಕ್ರೈಸ್ತರೇ. ಬೇರೂತಿನಲ್ಲಿ 1830ರ ದಶಕದಲ್ಲಿಯೇ ಸಾರಾ ಸ್ಮಿತ್ ಎಂಬ ಅಮೆರಿಕನ್ ಮಿಶನರಿ ಮಹಿಳೆಯು ಹೆಣ್ಣುಮಕ್ಕಳಿಗಾಗಿ ಶಾಲೆ ನಡೆಸಿದ್ದಳು. 1866ರಲ್ಲಿ ಅಲ್ಲಿ ಕಾಲೇಜೂ ಆಯಿತು. ಹೋದವರೆಲ್ಲರೂ ಓದಿದವರಾಗಿರಲಿಲ್ಲ, ನಿಜ. ಅನೇಕರಿಗೆ ತಮ್ಮ ಹೆಸರನ್ನು ಬರೆಯುವುದೂ ತಿಳಿದಿರಲಿಲ್ಲ. ಆದರೆ ಶಾಲೆಯಿಂದ ಏನು ಲಭಿಸುತ್ತದೆಂಬುದನ್ನು ಅವರು ತಮ್ಮ ಊರಿನಲ್ಲಿಯೇ ಕಣ್ಣಾರೆ ನೋಡಿದ್ದರು.

ನ್ಯೂ ಆರ್ಲಿಯನ್ಸ್ ಮೊದಲಾದ ಊರುಗಳಲ್ಲಿ ಇಳಿದವರಿಗೆ ಬಂಡವಾಳವಿರಲಿಲ್ಲ. ಬೆನ್ನ ಮೇಲೆ ಒಂದು ಪೆಟ್ಟಿಗೆಯನ್ನೋ ಗಂಟನ್ನೋ ಹೊತ್ತು ಅವರು ಹಳ್ಳಿ ತಿರುಗಿದರು. ಈ ಹೊರೆಗೆ ಅವರು ‘ಕಶ್ಶ’ ಎನ್ನುತ್ತಿದ್ದರು. ಅದರೊಳಗೆ ಸೂಜಿ, ದಾರ, ಗುಂಡಿ, ಕಸೂತಿಪಟ್ಟಿ, ಬಾಚಣಿಗೆ, ಜಪಮಾಲೆ, ಸಾಬೂನು. ಅಂಗಡಿಗೆ ಬರಲು ಬಿಡುವಿಲ್ಲದ ಕಬ್ಬಿನ ತೋಟದ ಹೆಂಗಸರಿಗೆ ಬಾಗಿಲಿಗೇ ಅಂಗಡಿ ಬಂದಂತಾಯಿತು. ಈ ವ್ಯಾಪಾರದ ಗುಟ್ಟು ಹೊರೆಯಲ್ಲಿರಲಿಲ್ಲ, ಹೊರೆಯ ಹಿಂದಿದ್ದ ನಂಬಿಕೆಯಲ್ಲಿತ್ತು. ಮೊದಲೇ ಬಂದು ಪೇಟೆಯಲ್ಲಿ ನೆಲೆಸಿದ ಅವರ ಊರಿನವನೊಬ್ಬನು ಹೊಸಬನಿಗೆ ಸರಕನ್ನು ಸಾಲವಾಗಿ ಕೊಡುವನು. ಮಾರಿದ ಮೇಲೆ ಹಣ. ಕೆಲವು ವರ್ಷ ನಡೆದವನು ಕುದುರೆಗಾಡಿ ಕೊಳ್ಳುವನು, ಆಮೇಲೆ ರೈಲು ನಿಲ್ಲುವ ಊರಿನಲ್ಲಿ ಬಟ್ಟೆಯ ಅಂಗಡಿ ಇಡುವನು, ಮತ್ತೆ ತಾನೇ ಮುಂದಿನ ಹೊಸಬನಿಗೆ ಸಾಲ ಕೊಡುವನು. ಹೆಂಗಸರೂ ಹೊರೆ ಹೊತ್ತು ಮನೆಮನೆ ತಿರುಗಿದರೆಂಬುದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರು ಗಮನಿಸಬೇಕು. ಗಂಡಸು ಬಾಗಿಲು ತಟ್ಟಿದರೆ ತೆರೆಯದ ಮನೆಗಳು ಇವರಿಗೆ ತೆರೆಯುತ್ತಿದ್ದವು.

ಅದೇ ರಾಜ್ಯದ ಪಶ್ಚಿಮದಲ್ಲಿರುವ ಲೇಕ್ ಚಾರ್ಲ್ಸ್ ಊರಿನಲ್ಲಿ ಇಂತಹ ಒಂದು ಕುಟುಂಬವು ಔಷಧದ ಅಂಗಡಿಯನ್ನೂ ಭತ್ತದ ಬೇಸಾಯವನ್ನೂ ನಡೆಸುತ್ತಿತ್ತು. 1908ರಲ್ಲಿ ಆ ಮನೆಯಲ್ಲಿ ಹುಟ್ಟಿದ ಮೈಕೇಲ್ ಡಿಬೇಕಿಯು ಮುಂದೆ ಹೃದಯದ ಶಸ್ತ್ರಚಿಕಿತ್ಸೆಯಲ್ಲಿ ಲೋಕವಿಖ್ಯಾತ ವೈದ್ಯನಾದನು. ಹೊಲಿಗೆಯಲ್ಲಿ ನಿಪುಣೆಯಾದ ತಾಯಿಯಿಂದ ಬಾಲ್ಯದಲ್ಲಿ ಕಲಿತ ವಿದ್ಯೆಯಿಂದಲೇ ಅವನು 1950ರ ದಶಕದಲ್ಲಿ ಡೇಕ್ರಾನ್ ಬಟ್ಟೆಯನ್ನು ಹೊಲಿಗೆಯಂತ್ರದಲ್ಲಿ ಕೊಳವೆಯಾಗಿ ಹೊಲಿದು, ಕೆಟ್ಟ ರಕ್ತನಾಳದ ಸ್ಥಾನದಲ್ಲಿ ಜೋಡಿಸಿದನು. ಹೊಲಿಗೆಯ ಪಾಠದಲ್ಲಿ ಮುಖ ಗಂಟಿಕ್ಕುವ ಹುಡುಗಿಯರಿಗೆ ಈ ಸಂಗತಿಯನ್ನು ನಾನು ತಪ್ಪದೆ ಹೇಳುತ್ತೇನೆ. ಅವನ ಸಹೋದರಿಯರಾದ ಲೋಯಿಸ್ ಮತ್ತು ಸೆಲ್ಮಾ ಇಬ್ಬರೂ ವೈದ್ಯಕೀಯ ಬರವಣಿಗೆಯನ್ನು ಕಲಿಸುವ ಪ್ರಾಧ್ಯಾಪಕಿಯರಾದರು.

ಈಗ ಹೋಮಾ ಜನರ ಕಡೆಗೆ ತಿರುಗೋಣ. 1706ರಲ್ಲಿ ಟ್ಯೂನಿಕ ಜನರ ದಾಳಿಗೆ ಸಿಕ್ಕಿ ಅವರು ಮಿಸಿಸಿಪ್ಪಿಯ ಮೇಲ್ಗಡೆಯ ತಮ್ಮ ಊರನ್ನು ಬಿಟ್ಟು ಕೆಳಕ್ಕೆ ಸರಿದರು. ಆಮೇಲೆ ಬಿಳಿಯರ ತೋಟಗಳು ಹಬ್ಬಿದಂತೆಲ್ಲ ಇನ್ನೂ ದಕ್ಷಿಣಕ್ಕೆ ಸರಿದು, ಹತ್ತೊಂಬತ್ತನೆಯ ಶತಮಾನದ ಹೊತ್ತಿಗೆ ಸಮುದ್ರದಂಚಿನ ಜೌಗುನೆಲವನ್ನು ಸೇರಿದರು. ಅಲ್ಲಿ ಬಾಯೂ ಎಂದು ಕರೆಯುವ ನಿಧಾನವಾಗಿ ಹರಿಯುವ ಹೊಳೆಗಳ ದಡದ ಕಿರಿದಾದ ಒಣನೆಲವೇ ಅವರ ಊರು. ಸೀಗಡಿ, ಏಡಿ, ಸಿಂಪಿ ಹಿಡಿಯುವುದು, ಚಳಿಗಾಲದಲ್ಲಿ ತುಪ್ಪಳಕ್ಕಾಗಿ ಮಸ್ಕ್‌ರ್ಯಾಟ್ ಎಂಬ ನೀರಿಲಿಯನ್ನು ಬೋನಿಗೆ ಬೀಳಿಸುವುದು, ಕುಳ್ಳ ತಾಳೆಯ ಗರಿಯಿಂದ ಬುಟ್ಟಿ ಹೆಣೆಯುವುದು: ಇವು ಅವರ ಜೀವನೋಪಾಯಗಳು. ಬೆಳಕು ಹರಿಯುವ ಮೊದಲೇ ದೋಣಿಯೇರುವ ಈ ಜನರನ್ನು ಸೋಮಾರಿಗಳೆನ್ನುವ ಧೈರ್ಯ ಯಾರಿಗಿದೆ? ತಮ್ಮ ಹಳೆಯ ನುಡಿಯನ್ನು ಕಳೆದುಕೊಂಡು ಫ್ರೆಂಚನ್ನೇ ಮನೆಮಾತಾಗಿ ಮಾಡಿಕೊಂಡಿದ್ದರು.

1803ರಲ್ಲಿ ಸಂಯುಕ್ತ ಸಂಸ್ಥಾನವು ಲೂಯಿಸಿಯಾನವನ್ನು ಫ್ರಾನ್ಸಿನಿಂದ ಕ್ರಯಕ್ಕೆ ತೆಗೆದುಕೊಂಡಿತು. ಹೋಮಾ ಕುಲವು ತನ್ನ ನೆಲಕ್ಕಾಗಿ ಹಕ್ಕುದಾವೆ ಹೂಡಿತು. ಇಂಡಿಯನ್ ಕುಲವೊಂದು ಹೀಗೆ ಭೂಮಿ ಕೇಳಬಹುದೆಂಬ ಕಾನೂನು ಇಲ್ಲವೆಂದು ಹೇಳಿ 1817ರಲ್ಲಿ ಅಧಿಕಾರಿಗಳು ಅದನ್ನು ತಳ್ಳಿಹಾಕಿದರು. ಜೌಗುನೆಲ ಯಾರಿಗೂ ಬೇಡವಾಗಿದ್ದಷ್ಟು ದಿನ ಇದರಿಂದ ದೊಡ್ಡ ಬಾಧೆಯಾಗಲಿಲ್ಲ. ತುಪ್ಪಳದ ಬೆಲೆ ಏರಿ, ಆ ನೆಲದ ಕೆಳಗೆ ಎಣ್ಣೆಯೂ ಅನಿಲವೂ ಇವೆಯೆಂದು ತಿಳಿದ ಮೇಲೆ, ಅಂದರೆ 1920ರ ಮತ್ತು 1930ರ ದಶಕಗಳಲ್ಲಿ, ಭೂಮಿಯ ಕಂಪನಿಗಳೂ ದಲ್ಲಾಳಿಗಳೂ ಕಾಗದಪತ್ರಗಳನ್ನು ಹಿಡಿದು ದೋಣಿಯಲ್ಲಿ ಬಂದಿಳಿದರು. ಕಾಗದಗಳು ಇಂಗ್ಲಿಷಿನಲ್ಲಿದ್ದುವು. ಸಹಿ ಹಾಕಬೇಕಾದವರಿಗೆ ಇಂಗ್ಲಿಷ್ ಮಾತೂ ಬಾರದು, ಯಾವ ಭಾಷೆಯ ಅಕ್ಷರವೂ ತಿಳಿಯದು. ಗುತ್ತಿಗೆಯ ಪತ್ರವೆಂದು ನಂಬಿ ಅಡ್ಡಗೀಟು ಎಳೆದುದು ಕ್ರಯಪತ್ರವಾಗಿತ್ತೆಂದು ಆ ಜನರ ಹಿರಿಯರು ಹೇಳುತ್ತ ಬಂದಿದ್ದಾರೆ. ಕಂದಾಯದ ಬಾಕಿಗೆಂದು ಹರಾಜಿನಲ್ಲಿ ಹೋದ ನೆಲವೂ ಉಂಟು. ತಾತಂದಿರು ಬೋನು ಇಟ್ಟ ಜೌಗಿನಲ್ಲಿಯೇ ಬೋನು ಇಡಲು ಮೊಮ್ಮಕ್ಕಳು ಬಾಡಿಗೆ ಕೊಡಬೇಕಾಯಿತು.

ಅವರಿಗೆ ಅಕ್ಷರ ತಿಳಿಯದೆ ಹೋದದ್ದು ಏಕೆ? ಇದೇ ನಮ್ಮ ಪಾಠದ ತಿರುಳು. ಲೂಯಿಸಿಯಾನದಲ್ಲಿ ಜಿಲ್ಲೆಗೆ ಪ್ಯಾರಿಷ್ ಎನ್ನುತ್ತಾರೆ. ಹೋಮಾ ಜನರು ಹೆಚ್ಚಾಗಿರುವ ಟೆರ್ರೆಬೋನ್ ಪ್ಯಾರಿಷಿನಲ್ಲಿ ಶಾಲೆಗಳು ಬಿಳಿಯರಿಗೆ ಬೇರೆ, ಕರಿಯರಿಗೆ ಬೇರೆ ಇದ್ದುವು. ಬಿಳಿಯರ ಶಾಲೆ ಇವರನ್ನು ಸೇರಿಸಿಕೊಳ್ಳಲಿಲ್ಲ; ಕರಿಯರ ಶಾಲೆಗೆ ಹೋದರೆ ತಮ್ಮ ಇಂಡಿಯನ್ ಎಂಬ ಹೆಸರೇ ಅಳಿಯುವುದೆಂದು ಇವರು ಹೋಗಲಿಲ್ಲ. ಹೆನ್ರಿ ಬಿಲಿಯೊ ಎಂಬ ತಂದೆಯು ತನ್ನ ಮಕ್ಕಳನ್ನು ಬಿಳಿಯರ ಶಾಲೆಗೆ ಸೇರಿಸಬೇಕೆಂದು ಶಾಲಾಮಂಡಲಿಯ ಮೇಲೆ ವ್ಯಾಜ್ಯ ಹೂಡಿ, 1918ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯದ ವರೆಗೂ ಹೋಗಿ ಸೋತನು. ತಂದೆಯೊಬ್ಬನು ಮಕ್ಕಳ ಪಾಠಕ್ಕಾಗಿ ಅಷ್ಟು ದೂರ ಹೋದನೆಂಬುದನ್ನು, ‘ಆ ಜನರಿಗೆ ವಿದ್ಯೆಯಲ್ಲಿ ಆಸಕ್ತಿಯಿಲ್ಲ’ ಎಂದು ಹೇಳುವವರು ಓದಬೇಕು. ಮೆಥಡಿಸ್ಟ್ ಮಹಿಳೆಯರ ಮಿಶನ್ ಆ ಸೀಮೆಯಲ್ಲಿ ಕೆಲಸ ತೊಡಗಿ, ಡುಲಾಕ್ ಎಂಬ ಹಳ್ಳಿಯಲ್ಲಿ 1930ರ ದಶಕದಲ್ಲಿ ಈ ಮಕ್ಕಳಿಗಾಗಿ ಶಾಲೆ ನಡೆಸಿತು. ಸರ್ಕಾರವೂ ಮುಂದೆ ‘ಇಂಡಿಯನ್ ಶಾಲೆ’ಗಳನ್ನು ತೆರೆಯಿತಾದರೂ ಅವು ಕೆಳಗಿನ ತರಗತಿಗಳಿಗೇ ಮುಗಿಯುತ್ತಿದ್ದುವು. ಪ್ರೌಢಶಾಲೆಯ ಬಾಗಿಲು ಇವರಿಗೆ ತೆರೆದದ್ದು 1960ರ ದಶಕದಲ್ಲಿ, ಅದೂ ನ್ಯಾಯಾಲಯದ ಆಜ್ಞೆಯಿಂದ. ಈ ಸಂಚಿಕೆಯನ್ನು ಓದುತ್ತಿರುವ ನಮ್ಮ ಹಿರಿಯ ವಿದ್ಯಾರ್ಥಿನಿಯರಲ್ಲಿ ಕೆಲವರು ಅಷ್ಟರಲ್ಲಿ ಪ್ರೌಢಶಾಲೆಯ ಪರೀಕ್ಷೆಯನ್ನು ಮುಗಿಸಿಯಾಗಿತ್ತು. ಒಳಗೆ ಬಂದ ಮಕ್ಕಳಿಗೂ ಮನೆಯ ಫ್ರೆಂಚ್ ಮಾತಾಡಿದರೆ ಶಿಕ್ಷೆಯಾಗುತ್ತಿತ್ತು.

ಸಿರಿಯದವರ ಮಕ್ಕಳಾದರೋ ಮೊದಲಿನಿಂದಲೂ ಬಿಳಿಯರ ಶಾಲೆಯಲ್ಲಿ ಕುಳಿತರು. ಇದರ ಹಿಂದೆಯೂ ಒಂದು ವ್ಯಾಜ್ಯವುಂಟು. 1790ರ ಕಾನೂನಿನಂತೆ ಅಮೆರಿಕಕ್ಕೆ ಬಂದ ವಿದೇಶೀಯರಲ್ಲಿ ‘ಬಿಳಿಯ’ರಾದವರಿಗೆ ಮಾತ್ರ ಪೌರತ್ವ ಸಿಗಬಹುದಾಗಿತ್ತು. ಸಿರಿಯದವರು ಬಿಳಿಯರೋ ಅಲ್ಲವೋ ಎಂಬ ಪ್ರಶ್ನೆಯು ಕೆಲವು ಕಾಲ ಕೋರ್ಟುಗಳಲ್ಲಿ ಅತ್ತಿತ್ತ ತೂಗಾಡಿ, ಜಾರ್ಜ್ ಡೌ ಎಂಬವನ ಮೊಕದ್ದಮೆಯಲ್ಲಿ 1915ರಲ್ಲಿ ಅವರ ಪರವಾಗಿ ತೀರ್ಮಾನವಾಯಿತು. ನಮ್ಮ ದೇಶದವನಾದ ಭಗತ್ ಸಿಂಗ್ ಥಿಂಡನ ವಿಷಯದಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 1923ರಲ್ಲಿ ಇದಕ್ಕೆ ವಿರುದ್ಧವಾಗಿ, ಭಾರತೀಯರು ಬಿಳಿಯರಲ್ಲವೆಂದು ಹೇಳಿತು. ಭಾರತೀಯರಿಗೆ ಆ ಬಾಗಿಲು ತೆರೆದದ್ದು 1946ರಲ್ಲಿ. ಹಾಗಾದರೆ ಒಂದು ನ್ಯಾಯಪೀಠದ ಮಾತಿನಿಂದ ಹೊರೆ ಹೊತ್ತವನಿಗೆ ಪೌರತ್ವದ ಬಾಗಿಲು ತೆರೆಯಿತು. ಹೋಮಾ ಜನರ ಸಹಿತ ಮೂಲನಿವಾಸಿಗಳೆಲ್ಲರಿಗೂ ಪೌರತ್ವವು ಕಾನೂನಿನಿಂದ ದೊರೆತದ್ದು 1924ರಲ್ಲಿ. ಸಿರಿಯದಿಂದ ಹೊಸಬರು ಬರುವುದನ್ನು ವರ್ಷಕ್ಕೆ ನೂರು ಮಂದಿಗೆ ಇಳಿಸಿದ ಕಾನೂನಿನ ವರ್ಷವೂ ಅದೇ.

ಸಿರಿಯದವರ ಹಾದಿಯು ಹೂವಿನ ಹಾಸಿಗೆಯಾಗಿತ್ತೆಂದು ಯಾರೂ ತಿಳಿಯಬಾರದು. 1929ರಲ್ಲಿ ಫ್ಲಾರಿಡಾದ ಲೇಕ್ ಸಿಟಿಯಲ್ಲಿ ಅವರ ಪೈಕಿ ಒಬ್ಬ ಅಂಗಡಿಕಾರ ದಂಪತಿಗಳ ಹತ್ಯೆಯಾಯಿತು. ಹೆಂಡತಿಯು ಪೊಲೀಸರ ಗುಂಡಿಗೂ ಗಂಡನು ಜನರ ಗುಂಪಿಗೂ ಬಲಿಯಾದರು. ಅವರ ದುಡಿಮೆಯೂ ಮಿತವ್ಯಯವೂ ನಿಜವಾದುವೇ. ಆದರೂ ದುಡಿಮೆಯು ಎರಡು ಕಡೆಯೂ ಇದ್ದಾಗ, ಒಂದು ಕಡೆ ಮಾತ್ರ ಅದು ಆಸ್ತಿಯಾಗಿ ನಿಂತದ್ದಕ್ಕೆ ಬೇರೆ ಕಾರಣವನ್ನು ಹುಡುಕಲೇಬೇಕು. ಸಿರಿಯದವನು ಗಳಿಸಿದ್ದನ್ನು ಅಂಗಡಿಯಾಗಿ, ಮನೆಯಾಗಿ, ಮಗನ ಕಾಲೇಜಿನ ಫೀಸಾಗಿ ಕೂಡಿಸಿಡಲು ಸಾಧ್ಯವಿತ್ತು. ಹೋಮಾ ದೋಣಿಗಾರನು ಹಿಡಿದ ಸೀಗಡಿಯನ್ನು ಕೊಳ್ಳುವವನು ಹೇಳಿದ ಬೆಲೆಗೆ ಆ ದಿನವೇ ಮಾರಬೇಕು, ಮತ್ತು ಅವನು ನಿಂತ ನೆಲ ಅವನದಲ್ಲ.

ಅಂಕಿಗಳನ್ನು ಬಯಸುವ ತಂದೆಯರಿಗಾಗಿ: 2000ದ ಜನಗಣತಿಯಂತೆ ಅಮೆರಿಕದಲ್ಲಿ ಅರಬ್ ಮೂಲದವರ ಕುಟುಂಬದ ಮಧ್ಯಮ ಆದಾಯವು ವರ್ಷಕ್ಕೆ ಸುಮಾರು 52,300 ಡಾಲರು, ದೇಶದ ಎಲ್ಲ ಕುಟುಂಬಗಳದು ಸುಮಾರು 50,000, ವಯಸ್ಕರಲ್ಲಿ ಕಾಲೇಜು ಪದವಿ ಪಡೆದವರು ಅರಬ್ ಮೂಲದವರಲ್ಲಿ ನೂರಕ್ಕೆ 41, ದೇಶದಲ್ಲಿ ನೂರಕ್ಕೆ 24. ಲೆಬನಾನಿನ ಮೂಲದವರು ಆದಾಯದಲ್ಲಿ ಈ ಗುಂಪಿನೊಳಗೂ ಮುಂದಿದ್ದರು. ಆದಾಯದ ಅಂತರಕ್ಕಿಂತ ಪದವಿಯ ಅಂತರವು ಎಷ್ಟೋ ದೊಡ್ಡದೆಂಬುದನ್ನು ನೋಡಬಹುದು.

ಹೋಮಾ ಜನರ ಎರಡು ಸಂಘಗಳು 1979ರಲ್ಲಿ ಕೂಡಿ ‘ಯುನೈಟೆಡ್ ಹೋಮಾ ನೇಷನ್’ ಆಯಿತು. ಈಗ ಅದರಲ್ಲಿ ಹದಿನೇಳು ಸಾವಿರಕ್ಕೆ ಮೇಲ್ಪಟ್ಟು ಸದಸ್ಯರಿದ್ದಾರೆ. ಲೂಯಿಸಿಯಾನ ರಾಜ್ಯವು ಅವರನ್ನು ಮಾನ್ಯಮಾಡಿದೆ. ಕೇಂದ್ರ ಸರ್ಕಾರದ ಮಾನ್ಯತೆ ಸಿಕ್ಕರೆ ಶಿಕ್ಷಣ, ವೈದ್ಯ, ವಸತಿ ಇವುಗಳಿಗೆ ಕುಲಕ್ಕೆ ನೇರವಾಗಿ ನೆರವು ಬರುತ್ತದೆ. ಅದಕ್ಕಾಗಿ ಅವರು ಸಲ್ಲಿಸಿದ ಬಿನ್ನಹಕ್ಕೆ ಇಲಾಖೆಯು 1994ರ ತನ್ನ ಪ್ರಾಥಮಿಕ ನಿರ್ಣಯದಲ್ಲಿ ಪ್ರತಿಕೂಲವಾಗಿ ಉತ್ತರಿಸಿತು. ಪ್ರಾಚೀನ ಹೋಮಾ ಕುಲದ ವಂಶಜರು ಇವರೇ ಎಂಬುದಕ್ಕೆ ಸಾಕಷ್ಟು ದಾಖಲೆಯಿಲ್ಲವೆಂಬುದು ಮುಖ್ಯ ಆಕ್ಷೇಪ. ಮೂರು ನಾಲ್ಕು ತಲೆಮಾರು ಶಾಲೆಯಿಂದ ಹೊರಗಿಡಲ್ಪಟ್ಟ ಜನರನ್ನು, ನಿಮ್ಮ ಮುತ್ತಜ್ಜಿಯರು ಬರೆದಿಟ್ಟ ಕಾಗದವೆಲ್ಲಿ ಎಂದು ಕೇಳಿದಂತಾಯಿತು.

ಇಷ್ಟರಲ್ಲಿ ಅವರ ಕೆಳಗಿನ ನೆಲವೇ ಕರಗುತ್ತಿದೆ. ಎಣ್ಣೆಯ ಕಂಪನಿಗಳು ಜೌಗಿನಲ್ಲಿ ಕೊರೆದ ಕಾಲುವೆಗಳಿಂದ ಉಪ್ಪುನೀರು ಒಳನುಗ್ಗಿ ಹುಲ್ಲು ಸತ್ತಿತು. ಮಿಸಿಸಿಪ್ಪಿಗೆ ಕಟ್ಟಿದ ಒಡ್ಡುಗಳಿಂದಾಗಿ ನದಿಯ ಹೂಳು ಇತ್ತ ಬರುವುದು ನಿಂತಿತು. 1930ರ ದಶಕದಿಂದ ಈಚೆಗೆ ಲೂಯಿಸಿಯಾನದ ಕರಾವಳಿಯಲ್ಲಿ ಸುಮಾರು ಐದು ಸಾವಿರ ಚದರ ಕಿಲೋಮೀಟರು ಭೂಮಿ ನೀರಾಗಿದೆ. 2021ರ ಆಗಸ್ಟ್ 29ರಂದು ಐಡಾ ಎಂಬ ಚಂಡಮಾರುತವು ಗಂಟೆಗೆ ಸುಮಾರು 240 ಕಿಲೋಮೀಟರು ವೇಗದ ಗಾಳಿಯೊಂದಿಗೆ ಲಫೂರ್ಶ್ ಪ್ಯಾರಿಷಿನ ಕರೆಯನ್ನೇ ಹೊಡೆದು, ಬಾಯೂಗಳ ದಡದ ಅವರ ಮನೆಗಳನ್ನು ಸಾಲುಸಾಲಾಗಿ ಕೆಡವಿತು. ಪರಿಹಾರಕ್ಕಾಗಿ ಕುಲವಾಗಿ ಕೇಂದ್ರ ಸರ್ಕಾರವನ್ನು ನೇರವಾಗಿ ಕೇಳುವ ಅಧಿಕಾರ ಅವರಿಗಿರಲಿಲ್ಲ. ಒಬ್ಬೊಬ್ಬ ಮನೆಯೊಡೆಯನೂ ತಾನೇ ಅರ್ಜಿಯನ್ನು ತುಂಬಬೇಕಾಗಿತ್ತು. ಈ ಸಲ ಅರ್ಜಿಯ ಇಂಗ್ಲಿಷನ್ನು ಓದಿ ಅಜ್ಜಿಯರಿಗೆ ಹೇಳಬಲ್ಲ ಮಕ್ಕಳೂ ಮೊಮ್ಮಕ್ಕಳೂ ಮನೆಯಲ್ಲಿದ್ದರು.