ದಂಪತಿಗಳ ಜೊತೆ ಕೂತು ಕಲಿತದ್ದು

1. ಆಪ್ತಸಮಾಲೋಚನೆಗೆ ಬಂದವರಿಗೆ ‘ಪಾಸಿಟಿವ್ ಆಗಿ ಯೋಚನೆ ಮಾಡಿ’ ಎಂದು ನಾನು ಹೇಳುವುದಿಲ್ಲ. ನೊಂದವರಿಗೆ ಆ ಮಾತು ಬೈದಂತೆ ಕೇಳಿಸುತ್ತದೆ. ನಡೆದದ್ದನ್ನು ಒಂದು ಸಾಲಿನಲ್ಲಿ, ಅದಕ್ಕೆ ತಾವು ಕಟ್ಟಿದ ಅರ್ಥವನ್ನು ಇನ್ನೊಂದರಲ್ಲಿ ಬರೆಯಿಸುತ್ತೇನೆ. ‘ಫೋನ್ ಎತ್ತಲಿಲ್ಲ’ ಎಂಬುದು ನಡೆದದ್ದು. ‘ನಾನೆಂದರೆ ಇವರಿಗೆ ಲೆಕ್ಕಕ್ಕೇ ಇಲ್ಲ’ ಎಂಬುದು ಕಟ್ಟಿದ್ದು. ಖಿನ್ನತೆಯ ಚಿಕಿತ್ಸೆಗೆಂದು ಮನೋವೈದ್ಯ ಆರನ್ ಬೆಕ್ ರೂಪಿಸಿದ ಈ ಕ್ರಮವನ್ನು ಅವರೇ 1988ರ ‘ಲವ್ ಈಸ್ ನೆವರ್ ಇನಫ್’ ಪುಸ್ತಕದಲ್ಲಿ ದಾಂಪತ್ಯಕ್ಕೂ ತಂದರು. ಫೋನ್ ಎತ್ತದಿರಲು ಮತ್ತೇನು ಕಾರಣ ಇದ್ದೀತು? ಮೀಟಿಂಗ್, ಸೈಲೆಂಟ್ ಮೋಡ್, ಸಿಲ್ಕ್ ಬೋರ್ಡ್ ಟ್ರಾಫಿಕ್. ನಿಜಕ್ಕೂ ಉದಾಸೀನವಿದ್ದರೆ ಅದೂ ಪಟ್ಟಿಯಲ್ಲಿರಲಿ. ಸುಳ್ಳು ಸಮಾಧಾನದಿಂದ ಯಾರ ಸಂಸಾರವೂ ಸರಿಹೋಗುವುದಿಲ್ಲ.

2. ಸಿಟ್ಟು ನೆತ್ತಿಗೇರಿದಾಗ ಕಲಿತದ್ದು ಯಾವುದೂ ನೆನಪಿಗೆ ಬರದು. ಎದೆಬಡಿತ ನಿಮಿಷಕ್ಕೆ 100 ದಾಟಿದರೆ ಎದುರಿನವರ ಮಾತು ಕಿವಿಯೊಳಗೆ ಇಳಿಯುವುದಿಲ್ಲ, ಕನಿಷ್ಠ 20 ನಿಮಿಷದ ಬಿಡುವು ಬೇಕು ಎನ್ನುತ್ತಾರೆ ದಂಪತಿಗಳ ಜಗಳಗಳನ್ನು ದಶಕಗಳ ಕಾಲ ಅಧ್ಯಯನ ಮಾಡಿದ ಜಾನ್ ಗಾಟ್‌ಮನ್. ನಮ್ಮಲ್ಲಿ ಈ ಬಿಡುವು ಕೆಡುವುದು ಎರಡು ಬಗೆಯಲ್ಲಿ. ಒಬ್ಬರು ತವರಿಗೆ ಫೋನ್ ಮಾಡಿ ಜಗಳವನ್ನು ಮೊದಲಿನಿಂದ ಒಪ್ಪಿಸುತ್ತಾರೆ, ಸಿಟ್ಟು ಇನ್ನಷ್ಟು ಏರುತ್ತದೆ. ಇನ್ನೊಬ್ಬರು ಚಪ್ಪಲಿ ಮೆಟ್ಟಿ ಹೊರಟವರು ರಾತ್ರಿ ಹನ್ನೊಂದಕ್ಕೆ ಬರುತ್ತಾರೆ. ‘ಅರ್ಧ ಗಂಟೆ ಬಿಟ್ಟು ಮಾತಾಡೋಣ’ ಎಂದು ಹೇಳಿ ಏಳುವುದನ್ನೇ ನಾನು ಮತ್ತೆ ಮತ್ತೆ ಅಭ್ಯಾಸ ಮಾಡಿಸುತ್ತೇನೆ.

3. ಒಳ್ಳೆಯ ಸುದ್ದಿಗೆ ಮುಖವೆತ್ತಿ ಸ್ಪಂದಿಸಬೇಕು. ‘ಪ್ರಮೋಷನ್ ಬಂತು’ ಎಂದಾಗ ಮೊಬೈಲ್ ನೋಡುತ್ತಲೇ ‘ಹೂಂ, ಒಳ್ಳೇದಾಯ್ತು’ ಎಂದರೆ ಸಾಲದು. ‘ಯಾರು ಹೇಳಿದರು? ಹೇಗನ್ನಿಸಿತು?’ ಎಂದು ಕೇಳಿ. ಹೀಗೆ ಆಸಕ್ತಿಯಿಂದ ಸ್ಪಂದಿಸುವ ಜೋಡಿಗಳಲ್ಲಿ ಸಂಬಂಧದ ತೃಪ್ತಿ ಹೆಚ್ಚು ಎಂಬುದನ್ನು ಮನಶ್ಶಾಸ್ತ್ರಜ್ಞೆ ಶೆಲ್ಲಿ ಗೇಬಲ್ ಅವರ ತಂಡ 2004ರಲ್ಲೇ ತೋರಿಸಿದೆ.

4. ನನಗೆ ಬಹಳ ಪ್ರಿಯವಾದ ತಾಲೀಮು ಅಮೆರಿಕದ ಮನಶ್ಶಾಸ್ತ್ರಜ್ಞ ಈಲೈ ಫಿಂಕೆಲ್ ಅವರದು. 120 ದಂಪತಿಗಳನ್ನು ಅವರ ತಂಡ ಎರಡು ವರ್ಷ ಗಮನಿಸಿತು. ಎರಡನೇ ವರ್ಷ ಅರ್ಧದಷ್ಟು ಜೋಡಿಗಳಿಗೆ, ನಾಲ್ಕು ತಿಂಗಳಿಗೊಮ್ಮೆ ಏಳೇ ನಿಮಿಷದ ಒಂದು ಬರವಣಿಗೆ: ನಿಮ್ಮ ಜಗಳವನ್ನು ಇಬ್ಬರ ಒಳಿತನ್ನೂ ಬಯಸುವ ಮೂರನೆಯವರು ಹೇಗೆ ನೋಡುತ್ತಾರೆ? ವರ್ಷಕ್ಕೆ ಒಟ್ಟು 21 ನಿಮಿಷ. 2013ರಲ್ಲಿ ಬಂದ ಫಲಿತಾಂಶದ ಪ್ರಕಾರ, ಬರೆಯದವರ ದಾಂಪತ್ಯದ ಗುಣಮಟ್ಟ ಇಳಿಯುತ್ತಲೇ ಹೋಯಿತು, ಬರೆದವರಲ್ಲಿ ಆ ಇಳಿತ ನಿಂತಿತು. ಮೂರನೆಯವರಾಗಿ ಅತ್ತೆ, ನಾದಿನಿ, ಭಾವ ಬೇಡ ಎನ್ನುತ್ತೇನೆ. ನೆಂಟರು ಯಾವುದಾದರೂ ಒಂದು ಕಡೆಯವರೇ. ಶಾಲೆಯಲ್ಲಿ ಕಲಿಸಿದ ಮೇಷ್ಟ್ರನ್ನೋ ಟೀಚರನ್ನೋ ನೆನೆಸಿಕೊಂಡು ಬರೆದವರ ಬರವಣಿಗೆ ಬಹಳ ಸಲ ನ್ಯಾಯವಾಗಿರುತ್ತದೆ. ಬರೆದು ಅಭ್ಯಾಸವಿಲ್ಲದವರು ಮೊಬೈಲಿನಲ್ಲಿ ಮಾತಾಡಿ ರೆಕಾರ್ಡ್ ಮಾಡಿಕೊಳ್ಳಲಿ.

5. ಹೊಡೆತ, ಬೆದರಿಕೆ ಇರುವ ಮನೆಗೆ ಮೇಲಿನ ಯಾವುದೂ ಅನ್ವಯಿಸದು. ಪೆಟ್ಟು ತಿಂದವಳಿಗೆ ‘ಬೇರೆ ಅರ್ಥ ಹುಡುಕಮ್ಮ’ ಎನ್ನುವುದು ಅನ್ಯಾಯ. ಆಕೆಯನ್ನು ಗಂಡನ ಜೊತೆ ಒಂದೇ ಕೋಣೆಯಲ್ಲಿ ಕೂರಿಸುವುದಿಲ್ಲ. ಮೊದಲು ಮಹಿಳಾ ಸಹಾಯವಾಣಿ 181, ಆಮೇಲೆ 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಡಿ ರಕ್ಷಣಾಧಿಕಾರಿಗೆ ದೂರು.