ಕುಕ್ಕರ್ ಕೂಗದ ಬೀಫು

ಮಂಗಳೂರಿನ ಕ್ರೈಸ್ತ ಮನೆಗಳಲ್ಲಿ ಬೀಫ್ ಎಂದರೆ ಭಾನುವಾರದ ಬಾಬತ್ತು. ಬೆಳಿಗ್ಗೆಯ ಪೂಜೆ ಮುಗಿಸಿ ಬರುತ್ತಾ ಮಾಂಸ ತರಬೇಕು, ನೀರುಳ್ಳಿ ಕೆಂಪಗೆ ಹುರಿಯಬೇಕು, ಬಫಾತ್ ಪುಡಿ ಹಾಕಿ ಕುಕ್ಕರಿನ ಬಾಯಿ ಮುಚ್ಚಬೇಕು. ಅದು ಎಂಟೋ ಹತ್ತೋ ಸಲ ಕೂಗಿದ ಮೇಲೆ ಮುಚ್ಚಳ ತೆಗೆದು ಒಂದು ತುಂಡು ಒತ್ತಿ ನೋಡಿದರೆ ಇನ್ನೂ ಗಟ್ಟಿ. ಇನ್ನೆರಡು ಕೂಗಿಸು. ಮಾಂಸದ ಅಡುಗೆ ಎಂದರೆ ಇಷ್ಟು ಹೊತ್ತು ತಿನ್ನುವ ಕೆಲಸ ಎಂದುಕೊಂಡೇ ಬೆಳೆದವರು ನಾವು. ಕೆಲಸದ ದಿನ ರಾತ್ರಿ ಎಂಟು ಗಂಟೆಗೆ ಮನೆಗೆ ಬಂದು ಬೀಫ್ ಮಾಡುತ್ತೇನೆಂದರೆ ನಮ್ಮೂರಲ್ಲಿ ನಕ್ಕಾರು. ಟೋಕಿಯೊದ ನಿಶಿ ಕಸಾಯ್‌ನಲ್ಲಿ, ಇಬ್ಬರು ಒಟ್ಟಿಗೆ ನಿಂತರೆ ಮೊಣಕೈ ತಾಗುವಷ್ಟು ಚಿಕ್ಕ ಅಡುಗೆಮನೆಯಲ್ಲಿ, ನಾನು ಈಗ ಮಾಡುತ್ತಿರುವುದು ಅದನ್ನೇ.

ಅಡುಗೆಯ ಹೆಸರು ಗ್ಯೂದೊನ್. ಬಟ್ಟಲು ತುಂಬ ಬಿಸಿ ಅನ್ನ, ಅದರ ಮೇಲೆ ಸಿಹಿಯುಪ್ಪು ರಸದಲ್ಲಿ ಬೆಂದ ತೆಳು ಬೀಫ್ ಮತ್ತು ನೀರುಳ್ಳಿ, ಅಷ್ಟೆ. ಅಮ್ಮನಿಗೆ ಮೊದಲ ಸಲ ವಿಡಿಯೊದಲ್ಲಿ ತೋರಿಸಿದಾಗ ಅವಳು ಕೇಳಿದ್ದು ಒಂದೇ ಮಾತು: “ಎಷ್ಟು ವಿಸಿಲ್ ಹಾಕಿಸಿದ್ದಿ?” ಕುಕ್ಕರೇ ಇಲ್ಲ ಅಂದೆ. “ಹಾಗಾದ್ರೆ ಅದು ಬೆಂದಿರ್ಲಿಕ್ಕಿಲ್ಲ, ಹೊಟ್ಟೆನೋವು ಬಂದೀತು, ನೋಡು” ಅಂದಳು. ಅವಳ ಲೆಕ್ಕ ತಪ್ಪಲ್ಲ. ಅವಳು ಕಂಡ ಮಾಂಸ ಬೇರೆ, ಅದನ್ನು ಕಡಿಯುವ ಕ್ರಮ ಬೇರೆ.

ಈ ಬಟ್ಟಲಿನ ಚರಿತ್ರೆಯಲ್ಲಿ ಅವಸರಕ್ಕೆ ದೊಡ್ಡ ಪಾಲಿದೆ. ಇಂದು ಜಪಾನಿನ ಊರೂರಿನಲ್ಲಿರುವ ಯೋಶಿನೋಯ ಎಂಬ ಗ್ಯೂದೊನ್ ಅಂಗಡಿಗಳ ಸರಣಿ ಶುರುವಾದದ್ದು 1899ರಲ್ಲಿ, ಟೋಕಿಯೊದ ನಿಹೊನ್‌ಬಾಶಿ ಮೀನು ಮಾರುಕಟ್ಟೆಯ ಒಂದು ಪುಟ್ಟ ಅಂಗಡಿಯಾಗಿ. ನಸುಕಿಗೆ ಎದ್ದು ಮೀನಿನ ಬುಟ್ಟಿ ಹೊರುವವರಿಗೆ ಕೂತು ಉಣ್ಣಲು ಪುರುಸೊತ್ತಿರಲಿಲ್ಲ. ಹೊಟ್ಟೆ ತುಂಬಬೇಕು, ಬೇಗ ಸಿಗಬೇಕು. 1923ರ ಮಹಾ ಭೂಕಂಪದಲ್ಲಿ ಮಾರುಕಟ್ಟೆ ನಾಶವಾದ ಮೇಲೆ ಅಂಗಡಿಯೂ ಮಾರುಕಟ್ಟೆಯ ಹಿಂದೆ ತ್ಸುಕಿಜಿಗೆ ಹೋಯಿತು. ಅದಕ್ಕೂ ಹಿಂದಿನ ಕಥೆ ಇನ್ನೂ ಸ್ವಾರಸ್ಯ. ಕ್ರಿ.ಶ. 675ರಲ್ಲಿ ತೆನ್ಮು ಚಕ್ರವರ್ತಿ ದನ, ಕುದುರೆ, ನಾಯಿ, ಕೋತಿ, ಕೋಳಿಗಳ ಮಾಂಸ ತಿನ್ನಬಾರದೆಂದು ಆಜ್ಞೆ ಹೊರಡಿಸಿದ್ದ. ಕದ್ದುಮುಚ್ಚಿ ತಿನ್ನುವವರು ಯಾವ ಕಾಲದಲ್ಲೂ ಇದ್ದರು, ಆದರೆ 1872ರಲ್ಲಿ ಮೇಜಿ ಚಕ್ರವರ್ತಿಯೇ ಬೀಫ್ ತಿಂದ ಸುದ್ದಿ ಹೊರಬಿದ್ದ ಮೇಲೆ ಅದು ನಾಗರಿಕರ ಲಕ್ಷಣವಾಗಿಬಿಟ್ಟಿತು. ಆಗ ಹಬ್ಬಿದ್ದು ಗ್ಯೂನಾಬೆ ಎಂಬ ಮಾಂಸದ ಪಾತ್ರೆಯೂಟ. ಮೊದಮೊದಲು ದಪ್ಪ ತುಂಡು ಹಾಕಿ, ವಾಸನೆ ಮರೆಸಲು ಮಿಸೊ ಎಂಬ ಹುದುಗಿಸಿದ ಸೋಯಾ ಮುದ್ದೆ ಸೇರಿಸುತ್ತಿದ್ದರು. ಆಮೇಲೆ ಮಾಂಸ ತೆಳ್ಳಗಾಯಿತು, ಮಿಸೊ ಹೋಗಿ ಸೋಯಾ ಸಾಸು, ಸಕ್ಕರೆ ಬಂದವು. ಆ ಪಾತ್ರೆಯಲ್ಲಿದ್ದದ್ದನ್ನು ಅನ್ನದ ಮೇಲೆ ಸುರಿದರೆ ಗ್ಯೂದೊನ್.

ಈ ಅಡುಗೆಯ ಅರ್ಧ ಕೆಲಸ ಮನೆಗೆ ಬರುವ ಮೊದಲೇ ಮುಗಿದಿರುತ್ತದೆ. ಇಲ್ಲಿಯ ಸೂಪರ್‌ಮಾರ್ಕೆಟ್ಟಿನ ಮಾಂಸದ ಸಾಲಿನಲ್ಲಿ ನಮ್ಮೂರಿನಂಥ ಎಲುಬು ಸಹಿತ ದಪ್ಪ ತುಂಡು ಹುಡುಕಿ ಸುಸ್ತಾಗಬೇಕು. ಎಲ್ಲಿ ನೋಡಿದರೂ ಹಾಳೆ ಹಾಳೆಯಾಗಿ ಸೀಳಿದ ಮಾಂಸ. ಗ್ಯೂದೊನ್‌ಗೆ ಬೇಕಾದ್ದು ಅದರಲ್ಲೂ ಅಗ್ಗದ್ದು: ಒಳ್ಳೆಯ ಸೀಳು ತೆಗೆದ ಮೇಲೆ ಉಳಿದ ಅಂಚು, ಚೂರುಪಾರುಗಳನ್ನು ಸೇರಿಸಿ ತುಂಬಿಟ್ಟ ತಟ್ಟೆ. ಅದಕ್ಕೆ ಕಿರಿಓತೋಶಿ ಎನ್ನುತ್ತಾರೆ. ಮುಚ್ಚುವ ಹೊತ್ತು ಹತ್ತಿರವಾದಂತೆ ಅಂಗಡಿ ಹುಡುಗ ಬಂದು ಅರ್ಧ ಬೆಲೆಯ ಚೀಟಿ ಅಂಟಿಸುತ್ತಾನೆ. ಅವನ ಹಿಂದೆಯೇ ನಡೆಯುವ ಅಜ್ಜಿಯರ ದಂಡಿನಲ್ಲಿ ನಾನೂ ಒಂದು. ನಾಚಿಕೆಯೇನಿಲ್ಲ.

ಆರಿಸುವಾಗ ನೋಡಬೇಕಾದ್ದು ಕೊಬ್ಬು. ಹೊಟ್ಟೆಯ ಭಾಗದ, ಬಿಳಿ ಕೆಂಪು ಪಟ್ಟೆಗಳಿರುವ ಮಾಂಸ ಬೇಕು. ತೊಡೆಯ ಕಡುಗೆಂಪು ಮಾಂಸ ನೋಡಲು ಚೆಂದ, ಬೆಂದರೆ ಒಣಗುತ್ತದೆ. ಬೆಲೆಬಾಳುವ ವಾಗ್ಯು ಇದಕ್ಕೆ ದಂಡ, ಅದರ ಕೊಬ್ಬೆಲ್ಲ ಕರಗಿ ರಸದ ಮೇಲೆ ಎಣ್ಣೆಯಾಗಿ ನಿಲ್ಲುತ್ತದೆ. ಕೊಬ್ಬಿನ ಮಹತ್ವ ಎಷ್ಟೆಂಬುದಕ್ಕೆ ಇಲ್ಲಿಯವರು ಇಂದಿಗೂ ನೆನೆಯುವ ಪ್ರಸಂಗವೊಂದಿದೆ. 2003ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಹುಚ್ಚು ಹಸು ರೋಗ ಕಾಣಿಸಿಕೊಂಡು ಜಪಾನ್ ಅಲ್ಲಿಯ ಬೀಫ್ ಆಮದು ನಿಲ್ಲಿಸಿತು. ಅಮೆರಿಕದ ಮಾಂಸವನ್ನೇ ನಂಬಿದ್ದ ಯೋಶಿನೋಯ 2004ರ ಫೆಬ್ರವರಿಯಲ್ಲಿ ಗ್ಯೂದೊನ್ ಮಾರಾಟವನ್ನೇ ನಿಲ್ಲಿಸಿ ಹಂದಿ ಮಾಂಸದ ಬಟ್ಟಲು ಹಿಡಿಯಿತು. ಕೊನೆಯ ದಿನ ಜನ ಸಾಲುಗಟ್ಟಿ ನಿಂತಿದ್ದರು. ಆಸ್ಟ್ರೇಲಿಯಾದ ಮಾಂಸ ಸಿಗುತ್ತಿತ್ತು, ಆದರೆ ಕೊಬ್ಬು ಕಡಿಮೆಯಿರುವ ಅದರಲ್ಲಿ ನಮ್ಮ ರುಚಿ ಬಾರದೆಂದು ಸಂಸ್ಥೆ ಹಟ ಹಿಡಿಯಿತು. ಬಟ್ಟಲು ಮರಳಿ ಬಂದದ್ದು 2006ರ ಸೆಪ್ಟೆಂಬರಿನಲ್ಲಿ.

ಈಗ ಒಲೆಯ ಮಾತು. ಇಬ್ಬರಿಗೆ ಕಾಲು ಕೆಜಿ ಮಾಂಸ, ಒಂದು ದೊಡ್ಡ ನೀರುಳ್ಳಿ ಸಾಕು. ಅಗಲವಾದ ಬಾಣಲೆಯಲ್ಲಿ ಮುಕ್ಕಾಲು ಲೋಟ ದಾಶಿ (ಅದೇನೆಂದು ಮುಂದೆ ಹೇಳುತ್ತೇನೆ), ಮೂರು ದೊಡ್ಡ ಚಮಚ ಸೋಯಾ ಸಾಸು, ಎರಡು ಚಮಚ ಮಿರಿನ್ ಎಂಬ ಸಿಹಿ ಅಕ್ಕಿಮದ್ಯ, ಎರಡು ಚಮಚ ಸಾಕೆ ಎಂಬ ಅಕ್ಕಿಮದ್ಯ, ಒಂದು ಚಮಚ ಸಕ್ಕರೆ, ಬೆರಳ ತುದಿಯಷ್ಟು ಶುಂಠಿ ತುರಿದದ್ದು. ಎಣ್ಣೆ ಇಲ್ಲ. ಇದು ಕುದಿ ಬಂದಾಗ ಬೆರಳಗಲಕ್ಕೂ ಕಡಿಮೆ ಸೀಳಿದ ನೀರುಳ್ಳಿ ಹಾಕಿ. ನಮ್ಮವರಿಗೆ ಕಷ್ಟವಾಗುವುದು ಇಲ್ಲೇ. ನೀರುಳ್ಳಿ ಕಂಡರೆ ಹುರಿಯದೆ ಬಿಡಲು ಕೈ ಕೇಳುವುದಿಲ್ಲ. ಹುರಿದರೂ ರುಚಿಯಾದ್ದೇನೋ ಆಗುತ್ತದೆ, ಗ್ಯೂದೊನ್ ಆಗುವುದಿಲ್ಲ. ನೀರುಳ್ಳಿ ಇಲ್ಲಿ ರಸಕ್ಕೆ ಸಿಹಿ ಬಿಟ್ಟುಕೊಟ್ಟು ತಾನು ಉಪ್ಪು ಹೀರಿಕೊಳ್ಳಬೇಕು. ಐದಾರು ನಿಮಿಷಕ್ಕೆ ಅಂಚುಗಳು ಗಾಜಿನಂತೆ ಪಾರದರ್ಶಕವಾಗುತ್ತವೆ, ನಡುವೆ ಮಾತ್ರ ಸ್ವಲ್ಪ ಬಿಗಿ ಉಳಿದಿರುತ್ತದೆ. ಮಾಂಸ ಹಾಕಲು ಅದೇ ಹದ.

ಮಾಂಸವನ್ನು ಮುದ್ದೆಯಾಗಿ ಸುರಿದರೆ ಹೊರಗಿನದು ಬೆಂದು ಒಳಗಿನದು ಹಸಿಯಾಗಿ ಅಂಟಿಕೊಳ್ಳುತ್ತದೆ. ಒಂದೊಂದೇ ಹಾಳೆ ಬಿಡಿಸಿ ಇಳಿಬಿಡಬೇಕು. ಉರಿ ಮಧ್ಯಮಕ್ಕಿಂತ ಕೆಳಗಿರಲಿ, ಕೊತಕೊತ ಕುದಿಯುವುದು ಬೇಡ. ಕೆಂಪು ಬಣ್ಣ ಅಂಚಿನಿಂದ ಬೂದು ಬಣ್ಣಕ್ಕೆ ತಿರುಗುತ್ತಾ ಬರುತ್ತದೆ, ಜೊತೆಗೆ ಕಂದು ನೊರೆಯೂ ಏಳುತ್ತದೆ. ಆ ನೊರೆಯನ್ನು ಸೌಟಿನಲ್ಲಿ ತೆಗೆದು ಚೆಲ್ಲಿ. ಜಪಾನಿನ ಗೃಹಿಣಿಯರು ಇದಕ್ಕೆಂದೇ ಜಾಲರಿ ಸೌಟು ಇಟ್ಟುಕೊಂಡಿರುತ್ತಾರೆ. ಎಲ್ಲ ಹಾಳೆಗಳ ಬಣ್ಣ ತಿರುಗಿತೋ, ಇನ್ನೊಂದು ನಿಮಿಷ ಬಿಟ್ಟು ಒಲೆ ಆರಿಸಿ, ಐದು ನಿಮಿಷ ಹಾಗೇ ಬಿಡಿ. ರಸ ಒಳಗಿಳಿಯುವುದು ಕುದಿಯುವಾಗಲ್ಲ, ಬಿಸಿ ಇಳಿಯುವಾಗ.

ಅಮ್ಮನ ವಿಸಿಲ್ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ. ಬಿಸಿ ತಾಗಿದ ಕೂಡಲೇ ಮಾಂಸದ ಎಳೆಗಳು ಮುದುಡಿ, ಬಟ್ಟೆ ಹಿಂಡಿದಂತೆ ನೀರನ್ನು ಹೊರಹಾಕುತ್ತವೆ. ಎಳೆಗಳನ್ನು ಕಟ್ಟಿ ಹಿಡಿದ ಕೊಲಾಜೆನ್ ಕರಗಿ ಮೆತ್ತಗಾಗಲು ಗಂಟೆಗಟ್ಟಲೆ ಬೇಕು, ಇಲ್ಲವೇ ಕುಕ್ಕರಿನ ಒತ್ತಡ ಬೇಕು. ಆದ್ದರಿಂದ ಬೀಫ್ ಮೆತ್ತಗಿರುವುದು ಎರಡೇ ಹೊತ್ತಿನಲ್ಲಿ: ಬೆಂದೊಡನೆ, ಅಥವಾ ತುಂಬ ಹೊತ್ತು ಬೆಂದ ಮೇಲೆ. ನಡುವಿನ ಇಪ್ಪತ್ತು, ಮೂವತ್ತು ನಿಮಿಷದ್ದು ಚಪ್ಪಲಿ. ತೆಳ್ಳಗೆ ಎಳೆಗೆ ಅಡ್ಡವಾಗಿ ಕೊಯ್ದಾಗ ಕೊಲಾಜೆನ್ ಕರಗಬೇಕಿಲ್ಲ, ಎಳೆಗಳನ್ನು ಚೂರಿಯೇ ತುಂಡರಿಸಿರುತ್ತದೆ. ಅಮ್ಮನ ಕುಕ್ಕರ್ ಅರ್ಧ ಗಂಟೆಯಲ್ಲಿ ಮಾಡುವ ಕೆಲಸವನ್ನು ಇಲ್ಲಿ ಅಂಗಡಿಯ ಕೊಯ್ಯುವ ಯಂತ್ರ ಮಾಡಿಟ್ಟಿದೆ.

ದಾಶಿ ಎಂದರೆ ಕೊಂಬು ಎಂಬ ಕಡಲಕಳೆ ಮತ್ತು ಹೊಗೆಯಲ್ಲಿ ಒಣಗಿಸಿದ ಟೂನಾ ಜಾತಿಯ ಮೀನಿನ ತುರಿ ಹಾಕಿ ತೆಗೆದ ತಿಳಿ. 1908ರಲ್ಲಿ ಕಿಕುನಾಯೆ ಇಕೆದಾ ಎಂಬ ರಸಾಯನಶಾಸ್ತ್ರಜ್ಞ ಕೊಂಬುವಿನ ರುಚಿಯ ಮೂಲ ಗ್ಲುಟಮೇಟ್ ಎಂದು ಕಂಡುಹಿಡಿದು ಅದಕ್ಕೆ ಉಮಾಮಿ ಎಂದು ಹೆಸರಿಟ್ಟದ್ದು ಇದರಿಂದಲೇ. ಕೆಲಸದ ದಿನ ಇದನ್ನೆಲ್ಲ ಮಾಡುವವರು ಇಲ್ಲಿಯೂ ಕಡಿಮೆ. ಪುಡಿ ದಾಶಿ ಸಿಗುತ್ತದೆ, ಅರ್ಧ ಚಮಚ ಸಾಕು. ಊರಿನಲ್ಲಿ ಅದೂ ಇಲ್ಲದಿದ್ದರೆ ಬರೀ ನೀರು ನಡೆಯುತ್ತದೆ, ಮಾಂಸ ತಾನೇ ಸ್ವಲ್ಪ ರುಚಿ ಬಿಡುತ್ತದೆ. ಅಂದಹಾಗೆ, ನಮ್ಮ ಲಕ್ಷದ್ವೀಪದ ಮಿನಿಕಾಯ್‌ನಲ್ಲಿ ಅದೇ ಜಾತಿಯ ಮೀನನ್ನು ಬೇಯಿಸಿ, ಹೊಗೆಯಲ್ಲಿಟ್ಟು, ಬಿಸಿಲಿಗೆ ಒಣಗಿಸಿ ಮಾಡುವ ಮಾಸ್ ದಾಶಿಯ ಒಣಮೀನಿಗೆ ಹತ್ತಿರದ ಸಂಬಂಧಿ. ಯಾರಾದರೂ ತಂದುಕೊಟ್ಟರೆ ಬಿಡಬೇಡಿ.

ಅನ್ನದ ವಿಷಯದಲ್ಲಿ ಜಪಾನೀಯರಿಗೆ ರಾಜಿಯಿಲ್ಲ. ಗಿಡ್ಡ ಕಾಳಿನ, ಒಂದಕ್ಕೊಂದು ಅಂಟುವ ಅನ್ನವೇ ಆಗಬೇಕು. ರಸ ಸುರಿದರೆ ತಕ್ಷಣ ತಳ ಸೇರದೆ ಕಾಳುಗಳ ನಡುವೆ ನಿಲ್ಲುತ್ತದೆ, ಚಾಪ್‌ಸ್ಟಿಕ್ಕಿಗೂ ಸಿಗುತ್ತದೆ. 2025ರಲ್ಲಿ ಇಲ್ಲಿ ಅಕ್ಕಿಯ ಬೆಲೆ ಹಿಂದಿನ ವರ್ಷದ ಎರಡರಷ್ಟಾಗಿ, ಐದು ಕೆಜಿ ಚೀಲ 4,000 ಯೆನ್ ದಾಟಿತು. ಅದೇ ಹೊತ್ತಿಗೆ ಕೃಷಿ ಸಚಿವರು, ನಾನು ಅಕ್ಕಿ ಕೊಂಡವನೇ ಅಲ್ಲ, ಬೆಂಬಲಿಗರು ತಂದುಕೊಡುತ್ತಾರೆ ಎಂಬರ್ಥದಲ್ಲಿ ಮಾತಾಡಿ ಹುದ್ದೆ ಕಳೆದುಕೊಂಡರು. ಅನ್ನ ಉಣ್ಣುವವರ ಸಿಟ್ಟು ನಮಗೆ ಅರ್ಥವಾಗದ್ದೇನಲ್ಲ. ಮಂಗಳೂರಿನಲ್ಲಿ ಕುಚ್ಚಲಕ್ಕಿಯ ಮೇಲೆ ಸುರಿದು ನೋಡಿದ್ದೇನೆ. ಕಾಳು ಬೇರೆ, ರಸ ಬೇರೆ, ಎರಡಕ್ಕೂ ಮಾತುಕತೆಯಿಲ್ಲ. ಸೋನಾ ಮಸೂರಿಗೆ ತುಸು ಹೆಚ್ಚು ನೀರಿಟ್ಟು ಮೆತ್ತಗೆ ಮಾಡಿದರೆ ಪರವಾಗಿಲ್ಲ.

ಊರಿಗೆ ಹೋದಾಗ ತೊಡಕು ಮಾಂಸದ್ದು. ಕರ್ನಾಟಕದಲ್ಲಿ 2021ರಿಂದ ಜಾರಿಯಲ್ಲಿರುವ ಕಾಯ್ದೆಯಂತೆ ಹಸು, ಎತ್ತು, ಹೋರಿ ಕಡಿಯುವಂತಿಲ್ಲ, ಹದಿಮೂರು ವರ್ಷ ದಾಟಿದ ಎಮ್ಮೆ, ಕೋಣಕ್ಕೆ ಮಾತ್ರ ಅವಕಾಶ. ವಯಸ್ಸಾದ ಕೋಣದ ಎಳೆ ಹಗ್ಗದಂಥದು. ಹಾಗಾಗಿ ಅಂಗಡಿಯಲ್ಲಿ ಅಂಡರ್‌ಕಟ್ ಕೇಳಿ ತನ್ನಿ. ಬೆನ್ನೆಲುಬಿನ ಒಳಬದಿಯ ಆ ಮಾಂಸ ಎಷ್ಟೇ ವಯಸ್ಸಾದ ಪ್ರಾಣಿಯಲ್ಲೂ ಮೆತ್ತಗಿರುತ್ತದೆ. ಅದನ್ನು ಫ್ರೀಜರಿನಲ್ಲಿ ಒಂದೂವರೆ ಗಂಟೆ ಇಟ್ಟರೆ ಹೊರಗೆ ಗಟ್ಟಿ, ಒಳಗೆ ಚೂರಿ ಇಳಿಯುವಷ್ಟು ಬಿಗಿ. ಆಗ ಹರಿತವಾದ ಚೂರಿಯಲ್ಲಿ ಎಳೆಗೆ ಅಡ್ಡವಾಗಿ, ಹಿಂದಿನ ಬೆಳಕು ಮಸುಕಾಗಿ ಕಾಣುವಷ್ಟು ತೆಳ್ಳಗೆ ಕೊಯ್ಯಿರಿ. ಅಂಡರ್‌ಕಟ್‌ನಲ್ಲಿ ಕೊಬ್ಬಿಲ್ಲ, ಅದಕ್ಕೆ ಅಂಗಡಿಯವನಿಂದ ಒಂದು ತುಂಡು ಕೊಬ್ಬು ಕೇಳಿ ಪಡೆದು ಬಾಣಲೆಗೆ ಮೊದಲು ಹಾಕಿ ಕರಗಿಸಿಕೊಂಡರೆ ಆಯಿತು. ಮಿರಿನ್, ಸಾಕೆ ಇಲ್ಲದಿದ್ದರೆ ಸಕ್ಕರೆ ಇನ್ನೊಂದು ಚಮಚ, ನೀರು ನಾಲ್ಕು ಚಮಚ ಹೆಚ್ಚು. ಬಣ್ಣಕ್ಕೆಂದೇ ಮಾಡಿದ ಕಪ್ಪು ಸೋಯಾ ಸಾಸು ತರಬೇಡಿ, ಸೋಯಾ ಮತ್ತು ಗೋಧಿ ಹುದುಗಿಸಿ ಮಾಡಿದ್ದೇ ಬೇಕು.

ಹೀಗೆ ಊರಲ್ಲಿ ಮಾಡಿ ಬಡಿಸಿದ್ದನ್ನು ಅಮ್ಮ ಉಂಡಳು. ಬೆಂದಿದೆ ಎಂದು ಒಪ್ಪಿದಳು. “ಮಕ್ಕಳಿಗೆ ಒಳ್ಳೇದು, ನಮಗೆ ಸ್ವಲ್ಪ ಸಪ್ಪೆ” ಎನ್ನುತ್ತಾ ಎದ್ದು ಹೋಗಿ ಮಿಡಿ ಉಪ್ಪಿನಕಾಯಿ ತಂದುಕೊಂಡಳು. ಜಪಾನಿನಲ್ಲೂ ಅದಕ್ಕೊಂದು ಜೋಡಿ ಇದ್ದೇ ಇದೆ: ಹುಳಿಯಲ್ಲಿ ನೆನೆದ ಕೆಂಪು ಶುಂಠಿ, ಅದರ ಮೇಲೆ ಏಳು ಬಗೆಯ ಮಸಾಲೆಪುಡಿ ಶಿಚಿಮಿ. ಶುಂಠಿ ಸಣ್ಣಗೆ ಹೆಚ್ಚಿ ಬಿಸಿನೀರಿನಲ್ಲದ್ದಿ, ಉಪ್ಪು, ವಿನೆಗರ್, ಒಂದು ಬೀಟ್‌ರೂಟ್ ಹೋಳು ಹಾಕಿಟ್ಟರೆ ಮರುದಿನಕ್ಕೆ ನಮ್ಮಲ್ಲೂ ತಯಾರು. ಹಸಿ ಮೊಟ್ಟೆ ಒಡೆದು ಹಾಕುವ ಚಾಳಿ ಮಾತ್ರ ಜಪಾನಿಗೇ ಇರಲಿ. ಇಲ್ಲಿ ಮೊಟ್ಟೆಯ ಪೊಟ್ಟಣದ ಮೇಲೆ ಹಸಿ ತಿನ್ನಬಹುದಾದ ಕೊನೆಯ ದಿನಾಂಕ ಅಚ್ಚಾಗಿರುತ್ತದೆ, ನಮ್ಮೂರಿನಲ್ಲಿ ಅಂಥ ಏರ್ಪಾಡಿಲ್ಲ.

ಮೊದಲ ಸಲ ಮಾಡುವವರಿಗೆ ಒಂದು ಮಾತು. ಅನ್ನ ಮೊದಲು ಇಡಿ, ಅದು ಬೆಂದು ಹಬೆಯಲ್ಲಿ ಅರಳುತ್ತಿರುವಾಗ ಬಾಣಲೆ ಹತ್ತಿಸಿ. ಒಂದೇ ಬಾಣಲೆಯಲ್ಲಿ ನಾಲ್ಕು ಜನಕ್ಕಿಂತ ಹೆಚ್ಚಿಗೆ ಹಾಕಬೇಡಿ, ಮಾಂಸ ಒಂದರ ಮೇಲೊಂದು ಬಿದ್ದು ಗಂಟು ಕಟ್ಟುತ್ತದೆ. ಉಳಿದದ್ದನ್ನು ಮರುದಿನ ಮತ್ತೆ ಕುದಿಸಿದರೆ ಗಟ್ಟಿಯಾಗುತ್ತದೆ, ಬೇಕಾದಷ್ಟೇ ಮಾಡಿ ಅಂದೇ ಮುಗಿಸಿ.