ತೆರೆಯ ಹಿಂದೆ: ಡ್ರಾಟ್ನಿಂಗ್‌ಹೋಮ್ ನಾಟಕಶಾಲೆ

ಪಾಶ್ಚಾತ್ಯರಲ್ಲಿ ಆಪೆರಾ ಎಂಬ ಗೇಯನಾಟಕಗಳಿಗಾಗಿಯೇ ಕಟ್ಟಿದ ನಾಟಕಶಾಲೆಗಳುಂಟು. ಸ್ವೀಡನ್ ದೇಶದಲ್ಲಿ, ಸ್ಟಾಕ್‌ಹೋಮ್ ಪಟ್ಟಣದ ಸಮೀಪದ ದ್ವೀಪವೊಂದರಲ್ಲಿರುವ ಡ್ರಾಟ್ನಿಂಗ್‌ಹೋಮ್ ಅರಮನೆಯ ನಾಟಕಶಾಲೆಯು ಅಂಥದು. ಮೊದಲಿದ್ದ ಶಾಲೆಯು 1762ರಲ್ಲಿ ಬೆಂಕಿಗೆ ಆಹುತಿಯಾಗಲು, ರಾಣಿ ಲೊವೀಸಾ ಉಲ್ರಿಕಾ ಎಂಬವಳು ಈಗಿನದನ್ನು ಕಟ್ಟಿಸಿದಳು. ಇದು ಪೂರ್ತಿಯಾದುದು 1766ರಲ್ಲಿ. ನಾವು ಪ್ರೇಕ್ಷಕರ ಪೀಠಗಳನ್ನು ಬಿಟ್ಟು, ತೆರೆಯ ಹಿಂಬದಿಯನ್ನು ಪ್ರವೇಶಿಸೋಣ.

ರಂಗದ ಎರಡು ಪಕ್ಕಗಳಲ್ಲಿಯೂ ಚಿತ್ರಿತ ಪರದೆಗಳು ಸಾಲಾಗಿ ನಿಂತಿರುವುವು. ಇವುಗಳ ಚೌಕಟ್ಟುಗಳು ನೆಲದ ಸೀಳುಗಳ ಮೂಲಕ ಕೆಳಗಿಳಿದು, ನೆಲಮಾಳಿಗೆಯಲ್ಲಿ ಗಾಲಿಯುಳ್ಳ ಬಂಡಿಗಳ ಮೇಲೆ ಕುಳಿತಿವೆ. ಬಂಡಿಗಳಿಗೆ ಕಟ್ಟಿದ ಹಗ್ಗಗಳೆಲ್ಲವೂ ಮರದ ದೊಡ್ಡ ತಿರುಗಣೆಯೊಂದಕ್ಕೆ ಸೇರುತ್ತವೆ. ಆಳುಗಳು ಅದರ ಅಡ್ಡಗೋಲುಗಳನ್ನು ಹಿಡಿದು, ಗಾಣದ ಎತ್ತುಗಳಂತೆ ಸುತ್ತು ಬಂದರೆ, ಎಡಬಲಗಳ ಪರದೆಗಳು ಒಮ್ಮೆಲೇ ಹಿಂದೆ ಸರಿದು ಬೇರೆಯವು ಮುಂದೆ ಬರುವುವು. ತೆರೆ ಬೀಳಿಸದೆ, ಪ್ರೇಕ್ಷಕರ ಕಣ್ಣೆದುರಿಗೇ, ಕೆಲವು ಕ್ಷಣಗಳಲ್ಲಿ ಅರಮನೆಯು ಅರಣ್ಯವಾಗುವುದು!

ಗುಡುಗಿಗೆ ಬೇಕಾದುದು ಕಲ್ಲು ತುಂಬಿದ ಮರದ ಪೆಟ್ಟಿಗೆ. ಅದನ್ನು ಓಲಾಡಿಸಿದರೆ ಸಾಕು. ಮರದ ಉರುಳೆಯನ್ನು ದಪ್ಪಬಟ್ಟೆಗೆ ಉಜ್ಜುವಂತೆ ತಿರುಗಿಸಿದರೆ ಬಿರುಗಾಳಿಯು ಮೊರೆಯುವುದು. ತಿರುಪಿನಾಕಾರದ, ನೀಲಿ ಬಣ್ಣದ ಉದ್ದನೆಯ ದಿಂಡುಗಳು ಸುತ್ತತೊಡಗಿದರೆ ಅದೇ ಸಮುದ್ರದ ತೆರೆ. ಮೋಡಗಳೂ ದೇವತೆಗಳೂ ಮೇಲಿನಿಂದ ಹಗ್ಗದ ಬಲದಲ್ಲಿ ಇಳಿದು ಬರುವರು.

ಇಂತಹ ಯಂತ್ರಗಳು ಯುರೋಪಿನಲ್ಲಿ ಬೇರೆ ಕಡೆಗಳಲ್ಲಿಯೂ ಇದ್ದವು. ಆದರೆ ಕೆಲವು ಶಾಲೆಗಳು ಸುಟ್ಟುಹೋದವು. ಕೆಲವುಗಳಲ್ಲಿ ಹೊಸ ಯಂತ್ರಗಳು ಬಂದು ಹಳೆಯವು ತೊಲಗಿದವು. ಇದು ಹೇಗೆ ಉಳಿಯಿತು? ಕಲಾಪ್ರಿಯನಾದ ದೊರೆ ಮೂರನೆಯ ಗುಸ್ತಾವನು 1792ರಲ್ಲಿ ಸ್ಟಾಕ್‌ಹೋಮಿನ ಆಪೆರಾ ಮಂದಿರದಲ್ಲಿಯೇ ಗುಂಡೇಟಿಗೆ ಗುರಿಯಾಗಿ ಮಡಿದ ಬಳಿಕ, ಈ ಶಾಲೆಯ ವೈಭವವು ಅಡಗಿತು. ಕ್ರಮೇಣ ಇದು ಸಾಮಾನು ತುಂಬುವ ಉಗ್ರಾಣವಾಯಿತು. 1921ರಲ್ಲಿ ಆಗ್ನೆ ಬೇಯರ್ ಎಂಬ ವಿದ್ವಾಂಸರು ಚಿತ್ರಪಟವೊಂದನ್ನು ಹುಡುಕುತ್ತಾ ಒಳಹೊಕ್ಕಾಗ, ಪರದೆಗಳೂ ಯಂತ್ರಗಳೂ ಧೂಳು ಮುಚ್ಚಿಕೊಂಡು ಹಾಗೆಯೇ ಇದ್ದವು. ಹಗ್ಗಗಳನ್ನು ಹೊಸದಾಗಿ ಹೂಡಿ, 1922ರಲ್ಲಿ ಶಾಲೆಯನ್ನು ಮತ್ತೆ ತೆರೆದರು. 1991ರಲ್ಲಿ ಅರಮನೆಯೊಡನೆ ಇದೂ ಯುನೆಸ್ಕೋ ಸಂಸ್ಥೆಯ ವಿಶ್ವಪರಂಪರೆಯ ಪಟ್ಟಿಗೆ ಸೇರಿತು.

ಮರೆವು ಇದನ್ನು ನೂರಕ್ಕೂ ಹೆಚ್ಚು ವರುಷ ಕಾಯಿತೆಂಬುದು ನಿಜ. ಆದರೆ ಮರೆವಿನಿಂದ ಗಾಣ ತಿರುಗದು. ಯಾವಾಗ ಎಳೆಯಬೇಕು, ಎಲ್ಲಿ ನಿಲ್ಲಿಸಬೇಕು ಎಂಬ ಕೈಯ ಅರಿವನ್ನು ಒಬ್ಬರಿಂದೊಬ್ಬರು ಕಲಿತರೆ ಮಾತ್ರ ಅರಮನೆಯು ಅರಣ್ಯವಾದೀತು. ಬೇಸಿಗೆಯಲ್ಲಿ ಅಲ್ಲಿ ಗೇಯನಾಟಕಗಳು ನಡೆಯುವಾಗ ಆ ಮರದ ಯಂತ್ರಗಳನ್ನು ಇಂದಿಗೂ ಮನುಷ್ಯರ ತೋಳುಗಳೇ ತಿರುಗಿಸುತ್ತವೆ. ನಾವು ಮುಂದೆ ಯಾವ ನಾಟಕವನ್ನು ನೋಡಿದರೂ, ನೆಲದ ಕೆಳಗಿರುವವರನ್ನು ಒಮ್ಮೆ ನೆನೆಯೋಣ.